ಮನೆಯಲ್ಲೇ ಆಯಿಲ್ ಬದಲಿಸಿದ ಮೇಲೆ ಬೈಕ್ ಸೋರುತ್ತಿದ್ದರೆ ಏನು ಮಾಡಬೇಕು

ಆಯಿಲ್ ಬದಲಿಸಿ ಆಯ್ತು, ಫಿಲ್ಟರ್ ಹಾಕಿ ಆಯ್ತು, ಒಂದು ರೌಂಡ್ ಓಡಿಸಿಯೂ ಆಯ್ತು. ಮಾರನೇ ದಿನ ನೋಡಿದರೆ ಎಂಜಿನ್ ಕೆಳಗೆ ನೆಲವೆಲ್ಲ ಜಿಡ್ಡು. ಇಂಥ ಹೊತ್ತಲ್ಲಿ ಯಾರಿಗಾದರೂ ಮೊದಲು ಕೈ ಹೋಗುವುದು ಸ್ಪ್ಯಾನರ್ ಕಡೆಗೆ. ಹಳೇ ಆಯಿಲ್ ಇಳಿಸಲು ಎಂಜಿನ್ ತಳದಲ್ಲಿ ಬಿಚ್ಚಿದ ಡ್ರೇನ್ ಬೋಲ್ಟ್ ಸ್ವಲ್ಪ ಲೂಸ್ ಇರಬೇಕು, ಇನ್ನೊಂದು ಚೂರು ಟೈಟ್ ಮಾಡಿದರೆ ನಿಲ್ಲುತ್ತೆ ಅನ್ನಿಸುತ್ತದೆ. ದಯವಿಟ್ಟು ಬೇಡ. ಸಣ್ಣ ಸೋರಿಕೆ ದೊಡ್ಡ ಖರ್ಚಿಗೆ ತಿರುಗುವುದು ಬಹುತೇಕ ಈ 'ಇನ್ನೊಂದು ಚೂರು' ಟೈಟ್ ಮಾಡುವಾಗಲೇ. ಎಲ್ಲಿಂದ ಬರುತ್ತಿದೆ ಅಂತ ಕಣ್ಣಾರೆ ನೋಡುವ ತನಕ ಒಂದು ಬೋಲ್ಟನ್ನೂ ಮುಟ್ಟಬೇಡಿ.

ಹೆದರುವ ಅಗತ್ಯವೂ ಇಲ್ಲ. ಸರ್ವಿಸ್‌ಗೆ ಮುಂಚೆ ಒಣಗಿದ್ದ ಎಂಜಿನ್ ಸರ್ವಿಸ್ ಆದ ಕೂಡಲೇ ಸೋರಲು ಶುರುಮಾಡಿದರೆ, ಕಾರಣ ನೀವು ಬಿಚ್ಚಿ ಹಾಕಿದ ಜಾಗಗಳಲ್ಲೇ ಎಲ್ಲೋ ಇರುತ್ತದೆ. ಆಯಿಲ್ ಬದಲಿಸುವಾಗ ಬಿಚ್ಚುವುದೇ ಮೂರು ನಾಲ್ಕು ಜಾಗ. ಹುಡುಕಾಟ ಅಷ್ಟಕ್ಕೇ ಸೀಮಿತ.

ಓಡಿಸಬಹುದಾ?

ಮೊದಲು ಇದನ್ನು ತೀರ್ಮಾನ ಮಾಡಿ. ಎಂಜಿನ್ ಆನ್ ಇರುವಾಗ ಆಯಿಲ್ ಧಾರೆಯಾಗಿ ಬೀಳುತ್ತಿದ್ದರೆ ತಕ್ಷಣ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ಇನ್ನೊಂದು ಕಿಲೋಮೀಟರ್ ತಾನೇ, ಮೆಕ್ಯಾನಿಕ್ ಹತ್ತಿರ ತಲುಪಿಬಿಡ್ತೀನಿ ಅನ್ನುವ ಲೆಕ್ಕಾಚಾರ ಬೇಡ. ಸಣ್ಣ ಬೈಕ್‌ಗಳ ಎಂಜಿನ್‌ನಲ್ಲಿ ಇರುವುದೇ ಹೆಚ್ಚುಕಮ್ಮಿ 1 ಲೀಟರ್ ಆಯಿಲ್. 200 ಮಿಲಿ ಹೋದರೆ ಐದನೇ ಒಂದು ಭಾಗ ಹೋದ ಹಾಗೆ.

ಡ್ಯಾಶ್‌ಬೋರ್ಡ್ ಮೇಲಿನ ಆಯಿಲ್ ಲೈಟನ್ನು ನಂಬಿ ಕೂರಬೇಡಿ. ಅದು ಇರುವ ಬಹಳಷ್ಟು ಬೈಕ್‌ಗಳಲ್ಲಿ ನೋಡುವುದು ಆಯಿಲ್‌ನ ಒತ್ತಡವನ್ನು, ಎಷ್ಟು ಉಳಿದಿದೆ ಅನ್ನುವುದನ್ನಲ್ಲ. ಪಂಪ್‌ಗೆ ಎಳೆದುಕೊಳ್ಳಲು ಆಯಿಲ್ ಸಿಗದೆ ಒತ್ತಡ ಬಿದ್ದಾಗ ಆ ಲೈಟ್ ಉರಿಯುತ್ತದೆ. ಅಷ್ಟರಲ್ಲಿ ಬೇರಿಂಗ್‌ಗಳು ಒಣಗಿ ಉಜ್ಜಾಡಲು ಶುರುವಾಗಿರುತ್ತದೆ. ಎಷ್ಟೋ ಸಣ್ಣ ಬೈಕ್‌ಗಳಲ್ಲಿ ಆ ಲೈಟೇ ಇರುವುದಿಲ್ಲ ಬಿಡಿ.

ಗಂಟೆಗೆ ಒಂದೆರಡು ತೊಟ್ಟು ಬೀಳುತ್ತಿದ್ದರೆ ಎಂಜಿನ್‌ಗೆ ಕೂಡಲೇ ಅಪಾಯ ಇಲ್ಲ. ಆದರೆ ತೊಟ್ಟು ಎಲ್ಲಿಗೆ ಬೀಳುತ್ತಿದೆ ನೋಡಿ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಎಳೆಯುತ್ತದೆ, ಹಿಂದೆ ಇರುವುದು ಟೈರು. ಹಿಂದಿನ ಟೈರಿನ ಮೇಲೋ ಬ್ರೇಕ್ ಡಿಸ್ಕ್ ಮೇಲೋ ಆಯಿಲ್ ಕಂಡರೆ, ಎಷ್ಟೇ ಕಮ್ಮಿ ಇರಲಿ, ಗಾಡಿ ತೆಗೆಯಬೇಡಿ. ತಿರುವಿನಲ್ಲಿ ವಾಲಿದಾಗ ನೆಲಕ್ಕೆ ತಾಗುವುದು ಟೈರಿನ ಅಂಚು. ನೇರ ರಸ್ತೆಯಲ್ಲಿ ಸರಿಯಾಗಿ ಓಡಿದ ಗಾಡಿ ಮೊದಲ ತಿರುವಿನಲ್ಲೇ ಮಲಗುವುದು ಹೀಗೆ. ಸೈಲೆನ್ಸರ್ ಪೈಪ್ ಮೇಲೆ ಬಿದ್ದು ಹೊಗೆ ಬರುತ್ತಿದ್ದರೂ ಅಷ್ಟೇ, ನಿಲ್ಲಿಸಿ, ತಣ್ಣಗಾಗಲು ಬಿಡಿ.

ಅದು ಎಂಜಿನ್ ಆಯಿಲೇನಾ?

ಈ ಪ್ರಶ್ನೆ ಕೇಳಿ ನಗಬೇಡಿ. ಬಿಳಿ ಕಾಗದವೋ ರಟ್ಟೋ ಕೆಳಗಿಟ್ಟು ಒಂದು ತೊಟ್ಟು ಹಿಡಿಯಿರಿ. ಕೂಲಂಟ್ ಆದರೆ ಹಸಿರು, ನೀಲಿ ಅಥವಾ ಗುಲಾಬಿ ಬಣ್ಣ ಇರುತ್ತದೆ, ಸ್ವಲ್ಪ ಸಿಹಿ ವಾಸನೆ, ನೀರಿನಷ್ಟೇ ತೆಳು. ಪೆಟ್ರೋಲ್ ಆದರೆ ಮೂಗೇ ಹೇಳುತ್ತದೆ. ಬ್ರೇಕ್ ಆಯಿಲ್ ಎಂಜಿನ್ ಆಯಿಲ್‌ಗಿಂತ ತೆಳು, ನೀರಿನಲ್ಲಿ ಕರಗುತ್ತದೆ. ಅದು ಪೇಂಟ್ ತಿನ್ನುತ್ತದೆ, ಹಾಗಾಗಿ ಕಂಡ ಕೂಡಲೇ ನೀರು ಹಾಕಿ ತೊಳೆಯಿರಿ. ಚೈನ್‌ಗೆ ಜಾಸ್ತಿ ಲ್ಯೂಬ್ ಹೊಡೆದಿದ್ದರೆ ಅದು ಮುಂದಿನ ಸ್ಪ್ರಾಕೆಟ್ ಕವರ್ ಒಳಗಿಂದ ಇಳಿದು ಬಂದು ಎಂಜಿನ್ನೇ ಸೋರುತ್ತಿದೆ ಅನ್ನುವ ಹಾಗೆ ಕಾಣುತ್ತದೆ. ಬೆರಳಿಗೆ ಅಂಟಂಟಾಗಿ ನೂಲು ಬಿಡುತ್ತಿದ್ದರೆ ಚೈನ್ ಲ್ಯೂಬ್ ಅಂತಲೇ ಅನುಮಾನಿಸಿ.

ಬಣ್ಣದಿಂದ ಇನ್ನೊಂದು ವಿಷಯ ಗೊತ್ತಾಗುತ್ತದೆ. ಆಯಿಲ್ ಬದಲಿಸಿ ಒಂದೆರಡು ದಿನ ಅಷ್ಟೇ ಆಗಿದ್ದರೆ ಒಳಗಿರುವ ಹೊಸ ಆಯಿಲ್ ಇನ್ನೂ ಜೇನಿನ ಬಣ್ಣಕ್ಕೆ ಹತ್ತಿರ ಇರುತ್ತದೆ. ಕಾಗದದ ಮೇಲೆ ಬಿದ್ದದ್ದು ಕಡುಕಪ್ಪಾಗಿದ್ದರೆ ಅದು ಬಹುಶಃ ಹಳೇ ಆಯಿಲ್. ಬೋಲ್ಟ್ ಬಿಚ್ಚಿದಾಗ ಚಿಮ್ಮಿ, ಎಂಜಿನ್ ಗಾರ್ಡ್ ತಟ್ಟೆಯಲ್ಲೋ, ಕೇಸಿನ ಪಕ್ಕೆಗಳ ಸಂದಿಯಲ್ಲೋ, ಸ್ಟ್ಯಾಂಡಿನ ಕೊಳವೆಯಲ್ಲೋ ನಿಂತಿದ್ದು ನಿಧಾನಕ್ಕೆ ಇಳಿಯುತ್ತಿರುತ್ತದೆ. ಫಿಲ್ಟರ್ ಬಿಚ್ಚಿದಾಗಂತೂ ಒಂದು ಲೋಟದಷ್ಟು ಆಯಿಲ್ ಎಲ್ಲೆಲ್ಲೋ ಹರಿದಿರುತ್ತದೆ. ಸೋರಿಕೆ ಅಂದುಕೊಂಡು ಜನ ಬೋಲ್ಟ್ ಮುರಿದುಕೊಳ್ಳುವ ಎಷ್ಟೋ ಪ್ರಕರಣಗಳಲ್ಲಿ ಸೋರಿಕೆಯೇ ಇರುವುದಿಲ್ಲ, ಸರಿಯಾಗಿ ಒರೆಸಿರುವುದಿಲ್ಲ ಅಷ್ಟೇ. ಬಣ್ಣ ಒಂದನ್ನೇ ಪೂರ್ತಿ ನಂಬಬೇಡಿ. ಹೊಸ ಆಯಿಲ್ ಕೂಡ ಒಳಗಿನ ಕೊಳೆ ಸೇರಿ ಬೇಗ ಕಪ್ಪಾಗಬಹುದು. ತೊಳೆದು ನೋಡಿದರೇ ಖಾತ್ರಿ.

ತೊಳೆದು, ಒಣಗಿಸಿ, ಪೌಡರ್ ಹಾಕಿ ನೋಡಿ

ಅಸಲಿ ಕೆಲಸ ಇದು. ಇದಕ್ಕೆ ಒಂದು ಗಂಟೆ ಕೊಟ್ಟರೆ ಮುಂದಿನದೆಲ್ಲ ಸುಲಭ.

ಎಂಜಿನ್ ತಣ್ಣಗಿರಲಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದು ಒಳ್ಳೆಯದಲ್ಲ, ಬೇಗ ಬೆಂಕಿ ಹತ್ತುವ ಕ್ಲೀನರ್ ಹೊಡೆಯುವುದಂತೂ ಅಪಾಯ. ಕೆಳಗೆ ಗಾರ್ಡ್ ಇದ್ದರೆ ಬಿಚ್ಚಿ. ಜಿಡ್ಡು ತೆಗೆಯುವ ಡಿಗ್ರೀಸರ್ ಹಾಕಿ ಹಳೇ ಟೂತ್‌ಬ್ರಶ್‌ನಿಂದ ಡ್ರೇನ್ ಬೋಲ್ಟ್ ಸುತ್ತ, ಫಿಲ್ಟರ್ ಕವರ್ ಸುತ್ತ, ಕ್ಲಚ್ ಕವರ್ ಅಂಚು, ಗೇರ್ ಪೆಡಲ್ ದಂಡ ಹೊರಬರುವ ಜಾಗ, ಎಲ್ಲ ಉಜ್ಜಿ. ಆಮೇಲೆ ತೊಳೆದು ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಪಕ್ಕೆಗಳ ಸಂದಿಗೆ ಬಟ್ಟೆ ಹೋಗಲ್ಲ, ಅಲ್ಲಿಗೆ ಟಿಶ್ಯೂ ಕಾಗದವನ್ನು ಮಡಚಿ ತೂರಿಸಿ ತೆಗೆಯಿರಿ. ಕಾಗದ ಒಣಗಿಯೇ ವಾಪಸ್ ಬರುವ ತನಕ ಬಿಡಬೇಡಿ.

ಈಗ ಮುಖಕ್ಕೆ ಹಾಕುವ ಟಾಲ್ಕಂ ಪೌಡರನ್ನು ಅನುಮಾನ ಇರುವ ಜಾಗಗಳ ಸುತ್ತ ತೆಳುವಾಗಿ ಉದುರಿಸಿ. ಬೆಲ್ಟ್, ಬ್ರೇಕ್, ಏರ್ ಫಿಲ್ಟರ್ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಗಾಳಿ ಆಡುವ ಜಾಗದಲ್ಲಿ ಸ್ಟಾರ್ಟ್ ಮಾಡಿ. ಆಯಿಲ್ ಮಟ್ಟ ಸರಿಯಾಗಿದೆ ಅಂತ ಮೊದಲೇ ನೋಡಿರಬೇಕು, ಕಮ್ಮಿ ಇದ್ದರೆ ತುಂಬಿಸಿ. ಐದರಿಂದ ಹತ್ತು ನಿಮಿಷ ಐಡಲ್‌ನಲ್ಲಿ ಓಡಲಿ. ಆಯಿಲ್ ಬಿಸಿಯಾದಷ್ಟೂ ತೆಳುವಾಗುತ್ತದೆ, ತಣ್ಣಗಿದ್ದಾಗ ಒಸರದ ಜಾಗ ಬಿಸಿಯಾದಾಗ ಒಸರುತ್ತದೆ. ಟಾರ್ಚ್ ಹಿಡಿದು ನೋಡುತ್ತಿರಿ. ಬಿಳಿ ಪೌಡರ್ ಮೇಲೆ ಮೊದಲು ಒಂದು ಕಡುಬಣ್ಣದ ಗೆರೆ ಕಾಣುತ್ತದೆ, ಅದು ನಿಧಾನಕ್ಕೆ ಕೆಳಕ್ಕೆ ಬೆಳೆಯುತ್ತದೆ. ನಿಮಗೆ ಬೇಕಾದದ್ದು ಆ ಗೆರೆಯ ಮೇಲಿನ ತುದಿ. ತೊಟ್ಟು ಬೀಳುವ ಜಾಗ ನೋಡಿ ಮೋಸ ಹೋಗಬೇಡಿ. ಡ್ರೇನ್ ಬೋಲ್ಟ್ ಎಂಜಿನ್‌ನ ಅತಿ ತಗ್ಗಿನ ಜಾಗದಲ್ಲಿರುತ್ತದೆ. ಮೇಲೆ ಎಲ್ಲಿ ಸೋರಿದರೂ ಕೊನೆಗೆ ಅದರ ತುದಿಯಿಂದಲೇ ತೊಟ್ಟಿಕ್ಕುತ್ತದೆ, ಬೈಗುಳವೂ ಅದಕ್ಕೇ.

ಸುಮ್ನೆ ನಿಂತಾಗ ಏನೂ ಕಾಣದಿದ್ದರೆ, ಟೈರಿಗೆ ಆಯಿಲ್ ತಾಗಿಲ್ಲ ಅಂತ ಖಾತ್ರಿಯಾದ ಮೇಲೆ, ಹತ್ತಿರದಲ್ಲೇ ನಿಧಾನಕ್ಕೆ ಒಂದು ಸುತ್ತು ಹೋಗಿಬಂದು ನೋಡಿ. ಓಡಿಸಿದಾಗ ಗೆರೆ ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ ಒದ್ದೆ ಇರುವ ಜಾಗದ ಮೇಲೆ ಮತ್ತು ಮುಂದೆ ಹುಡುಕಿ.

ಡ್ರೇನ್ ಬೋಲ್ಟ್

ಗೆರೆಯ ತುದಿ ನಿಜವಾಗಿಯೂ ಡ್ರೇನ್ ಬೋಲ್ಟಿನ ತಲೆಯ ಸುತ್ತಲೇ ಇದೆ ಅಂದುಕೊಳ್ಳಿ. ಬೋಲ್ಟ್ ಮತ್ತು ಎಂಜಿನ್ ನಡುವೆ ಒಂದು ತೆಳು ವಾಷರ್ ಇರುತ್ತದೆ, ತಾಮ್ರದ್ದು ಅಥವಾ ಅಲ್ಯೂಮಿನಿಯಂದು. ಆಯಿಲ್ ತಡೆಯುವುದು ಬೋಲ್ಟಿನ ಥ್ರೆಡ್ (ಸುರುಳಿ ಗೀರು) ಅಲ್ಲ, ಈ ವಾಷರ್. ಬಿಗಿ ಮಾಡಿದಾಗ ಅದು ಚಪ್ಪಟೆಯಾಗಿ ಎರಡೂ ಕಡೆಯ ಸಣ್ಣ ಗೀರುಗಳನ್ನು ತುಂಬಿಕೊಳ್ಳುತ್ತದೆ. ಒಮ್ಮೆ ಚಪ್ಪಟೆಯಾದದ್ದನ್ನು ಮತ್ತೆ ಹಾಕಿದರೆ ಅದು ಇನ್ನೊಂದು ಸಲ ಅಷ್ಟು ಚೆನ್ನಾಗಿ ಕೂರುವುದಿಲ್ಲ, ಅದಕ್ಕೇ ಪ್ರತಿ ಸಲ ಹೊಸದು ಹಾಕಿ ಅನ್ನುವುದು. ತಾಮ್ರದ್ದಾದರೆ ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ, ಹೊಸದು ಸಿಗದೇ ಇದ್ದಾಗ ಆ ಉಪಾಯ ನಡೆಯುತ್ತದೆ. ಅಲ್ಯೂಮಿನಿಯಂ ವಾಷರ್‌ಗೆ ಅದನ್ನು ಮಾಡಲು ಹೋಗಬೇಡಿ, ಎಸೆದುಬಿಡಿ.

ಇಲ್ಲಿ ಆಗುವ ಎಡವಟ್ಟುಗಳು ಕೆಲವೇ. ವಾಷರ್ ಹಾಕಲು ಮರೆತಿರಬಹುದು, ಹಳೇ ಆಯಿಲ್ ಜೊತೆ ತಟ್ಟೆಗೆ ಬಿದ್ದುಹೋಗಿರುತ್ತದೆ. ಎರಡು ವಾಷರ್ ಆಗಿರಬಹುದು. ಹಳೆಯದು ಎಂಜಿನ್‌ಗೇ ಕಚ್ಚಿಕೊಂಡು ಅದೇ ಲೋಹದ ಬಣ್ಣದಲ್ಲಿ ಕಾಣದೆ ಉಳಿದಿರುತ್ತದೆ, ಉಗುರಿನಿಂದ ಕೆರೆದು ನೋಡಿದರೆ ಅಂಚು ಸಿಗುತ್ತದೆ. ವಾಷರ್ ಕೂರುವ ಜಾಗದಲ್ಲಿ ಒಂದು ಕಾಳು ಮರಳು ಸಿಕ್ಕಿಕೊಂಡಿರಬಹುದು. ಅಥವಾ ನಿಜವಾಗಿಯೂ ಲೂಸ್ ಇರಬಹುದು.

ಲೂಸ್ ಇದೆಯಾ ಅಂತ ನೋಡುವುದಕ್ಕೆ ಉದ್ದ ಹಿಡಿಯ ಸ್ಪ್ಯಾನರ್ ಬೇಡ. ಚಿಕ್ಕದನ್ನು ತಗೊಂಡು, ತಲೆಯ ಹತ್ತಿರ ಎರಡು ಬೆರಳಲ್ಲಿ ಹಿಡಿದು ತಳ್ಳಿ. ಅಷ್ಟಕ್ಕೇ ಸಲೀಸಾಗಿ ತಿರುಗಿದರೆ ಲೂಸ್ ಇತ್ತು ಅಂತ ಅರ್ಥ. ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಯಾವ ಕಡೆಗೆ ತಿರುಗಿಸಬೇಕು ಅನ್ನುವುದರಲ್ಲೂ ಜನ ತಪ್ಪುತ್ತಾರೆ, ಯಾಕೆಂದರೆ ಮೇಲಿನಿಂದ ಬಗ್ಗಿ ಕೆಳಗೆ ಕೈ ಹಾಕಿದಾಗ ಎಲ್ಲ ಉಲ್ಟಾ. ಬೋಲ್ಟಿನ ತಲೆ ನಿಮ್ಮ ಮುಖಕ್ಕೆ ನೇರವಾಗಿ ಕಾಣುವ ಹಾಗೆ ಮಲಗಿ ನೋಡಿ. ಆಗ ಗಡಿಯಾರದ ಮುಳ್ಳಿನ ದಿಕ್ಕು ಬಿಗಿ, ಅದರ ಎದುರು ದಿಕ್ಕು ಸಡಿಲ. ಬಿಚ್ಚುತ್ತಿದ್ದೀನಿ ಅಂದುಕೊಂಡು ಪೂರ್ತಿ ಬಲ ಹಾಕಿ ಬಿಗಿ ಮಾಡಿ ಥ್ರೆಡ್ ಕಿತ್ತುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಎಷ್ಟು ಬಿಗಿ? ಬೈಕಿನ ಮ್ಯಾನುಯಲ್‌ನಲ್ಲಿ ಟಾರ್ಕ್, ಅಂದರೆ ಎಷ್ಟು ಬಲದಿಂದ ತಿರುಗಿಸಬೇಕು ಅನ್ನುವ ಅಳತೆ, ಕೊಟ್ಟಿರುತ್ತಾರೆ, ಅದೇ ಅಂತಿಮ. ಎಷ್ಟೋ ಬೈಕ್‌ಗಳಲ್ಲಿ ಡ್ರೇನ್ ಬೋಲ್ಟ್‌ಗೆ 20ರಿಂದ 30 ನ್ಯೂಟನ್ ಮೀಟರ್ ಇರುತ್ತದೆ. ಕೈಗೆ ಅದು 'ಇಷ್ಟೇನಾ?' ಅನ್ನಿಸುವಷ್ಟು ಕಮ್ಮಿ. ಬೋಲ್ಟ್ ಉಕ್ಕಿನದು, ಅದು ಹೊಕ್ಕಿರುವ ಎಂಜಿನ್ ಕೇಸ್ ಅಲ್ಯೂಮಿನಿಯಂದು. ಜಗಳ ಆದರೆ ಸೋಲುವುದು ಕೇಸೇ. ಟಾರ್ಕ್ ರೆಂಚ್ ತಗೊಳ್ಳುವುದಾದರೆ ಸಣ್ಣ ಅಳತೆಯದನ್ನೇ ತಗೊಳ್ಳಿ, ಕಾರಿನ ಚಕ್ರಕ್ಕೆ ಬಳಸುವ ದೊಡ್ಡದನ್ನು ಇಲ್ಲಿ ಬಳಸಿದರೆ ಅದರ ಕ್ಲಿಕ್ ಕೇಳುವ ಮುಂಚೆಯೇ ಕೆಲಸ ಕೆಟ್ಟಿರುತ್ತದೆ.

ವಾಷರ್ ಬದಲಿಸಲು ಬೋಲ್ಟ್ ಬಿಚ್ಚಿದರೆ ಹೊಸ ಆಯಿಲ್ ಪೂರ್ತಿ ಇಳಿಯುತ್ತದೆ, ಬೇರೆ ದಾರಿ ಇಲ್ಲ. ಆದರೆ ಅದನ್ನು ಎಸೆಯಬೇಕಿಲ್ಲ. ಚೆನ್ನಾಗಿ ತೊಳೆದು ಒಣಗಿಸಿದ ಪಾತ್ರೆಯಲ್ಲಿ ಹಿಡಿದು, ಮುಚ್ಚಿಟ್ಟು, ಮತ್ತೆ ಅದನ್ನೇ ಹಾಕಬಹುದು. ಪಾತ್ರೆಯಲ್ಲಿ ನೀರಿನ ಹನಿಯೋ ಮಣ್ಣೋ ಇದ್ದರೆ ಮಾತ್ರ ಜಿಪುಣತನ ಬೇಡ.

ಬೋಲ್ಟ್ ಹೊರಬಂದಾಗ ಅದರ ಥ್ರೆಡ್ ಅನ್ನು ಬೆಳಕಿಗೆ ಹಿಡಿದು ನೋಡಿ. ಥ್ರೆಡ್‌ಗಳ ನಡುವೆ ಬೆಳ್ಳಗೆ ಹೊಳೆಯುವ ಸಣ್ಣ ಸ್ಪ್ರಿಂಗ್ ಥರದ ಸುರುಳಿ ಸುತ್ತಿಕೊಂಡಿದೆಯಾ? ಪಿನ್ನಿನ ಮೊನೆಯಿಂದ ಎತ್ತಿದರೆ ಉದ್ದಕ್ಕೆ ಬಿಚ್ಚಿಕೊಂಡು ಬರುತ್ತದಾ? ಅದು ಬೋಲ್ಟಿನದಲ್ಲ, ನಿಮ್ಮ ಎಂಜಿನ್ ಕೇಸಿನ ಥ್ರೆಡ್. ಬಿಗಿ ಮಾಡುವಾಗ ಗಟ್ಟಿಯಾಗುತ್ತಾ ಬಂದು ಒಮ್ಮೆಲೇ ಮೆತ್ತಗಾಗಿ, ಎಷ್ಟು ತಿರುಗಿಸಿದರೂ ಸುತ್ತುತ್ತಲೇ ಇದ್ದರೂ ಇದೇ ಅರ್ಥ, ಥ್ರೆಡ್ ಫ್ರೀ ಆಗಿದೆ.

ಆಗ ಟೆಫ್ಲಾನ್ ಟೇಪ್ ಸುತ್ತುವುದು, ಸಿಲಿಕೋನ್ ತುಂಬುವುದು, ಎಪಾಕ್ಸಿ ಮೆತ್ತುವುದು, ಇದೆಲ್ಲ ಮಾಡಿ ಓಡಿಸುವವರಿದ್ದಾರೆ. ಹಿಡಿದುಕೊಳ್ಳಲು ಥ್ರೆಡ್ಡೇ ಇಲ್ಲದ ಬೋಲ್ಟ್ ಎಂಜಿನ್ ನಡುಕಕ್ಕೆ ದಾರಿಯಲ್ಲೇ ಉದುರಬಹುದು, ಉದುರಿದರೆ ಇಡೀ ಆಯಿಲ್ ಹಿಂದಿನ ಚಕ್ರದ ಮುಂದೆ ಬೀಳುತ್ತದೆ. ಸರಿಯಾದ ರಿಪೇರಿ ಅಂದರೆ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಟ್ಯಾಪ್ ಅನ್ನುವ ಸಾಧನದಿಂದ ಹೊಸ ಥ್ರೆಡ್ ಕೊರೆದು, ಒಳಗೆ ಹೆಲಿಕಾಯಿಲ್ ಥರದ ಉಕ್ಕಿನ ಥ್ರೆಡ್ ಕೂರಿಸುವುದು. ಮೂಲ ಅಳತೆಯ ಬೋಲ್ಟೇ ಮತ್ತೆ ಬಳಕೆಗೆ ಬರುತ್ತದೆ, ಥ್ರೆಡ್ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಕೈಗೆ ಅಭ್ಯಾಸ ಇಲ್ಲದಿದ್ದರೆ ಇದನ್ನು ಬಲ್ಲವರಿಗೆ ಬಿಡಿ, ಟ್ಯಾಪ್ ಒಂದು ಚೂರು ಓರೆಯಾದರೂ ಬೋಲ್ಟ್ ಓರೆಯಾಗಿ ಕೂತು ಮತ್ತೆ ಸೋರುತ್ತದೆ. ಯಾರೇ ಮಾಡಲಿ, ಟ್ಯಾಪ್‌ಗೆ ಗ್ರೀಸ್ ಹಚ್ಚಿಕೊಂಡು ಮಾಡಬೇಕು, ಲೋಹದ ಚೂರು ಗ್ರೀಸಿಗೆ ಅಂಟಿ ಹೊರಬರುತ್ತದೆ. ಆಮೇಲೆ ಬೋಲ್ಟ್ ಹಾಕುವ ಮುಂಚೆ ಮೇಲಿನಿಂದ ಸ್ವಲ್ಪ ಆಯಿಲ್ ಸುರಿದು ತೊಳೆದು ಬಿಡಬೇಕು. ಉಳಿದ ಚೂರು ಒಳಗೆ ಸುತ್ತುವುದು ಯಾರಿಗೂ ಬೇಡ. ದೊಡ್ಡ ಅಳತೆಯ ಬೋಲ್ಟನ್ನು ತಾನೇ ಥ್ರೆಡ್ ಕೊರೆದುಕೊಂಡು ಹೋಗಲಿ ಅಂತ ತುರುಕುವುದು ಕೊನೆಯ ದಾರಿ. ಅದರಲ್ಲಿ ಕೇಸ್ ಸೀಳುವ ಅಪಾಯ ಇದೆ.

ಇನ್ನೊಂದು ಗೊಂದಲ. ಕೆಲವು ಎಂಜಿನ್‌ಗಳಲ್ಲಿ ಡ್ರೇನ್ ಬೋಲ್ಟ್ ಪಕ್ಕದಲ್ಲೇ ದೊಡ್ಡ ತಲೆಯ ಇನ್ನೊಂದು ಮುಚ್ಚಳ ಇರುತ್ತದೆ, ಅದರ ಹಿಂದೆ ಸ್ಪ್ರಿಂಗ್ ಮತ್ತು ಜಾಲರಿ. ಡ್ರೇನ್ ಬೋಲ್ಟ್ ಅಂದುಕೊಂಡು ಅದನ್ನು ಬಿಚ್ಚಿದ್ದರೆ ಆಯಿಲ್ ಜೊತೆ ಸ್ಪ್ರಿಂಗೂ ಜಾಲರಿಯೂ ಬಿದ್ದಿರುತ್ತವೆ. ಹಳೇ ಆಯಿಲ್ ತಟ್ಟೆಯಲ್ಲಿ ಕೈಯಾಡಿಸಿ ನೋಡಿ. ಇಲ್ಲಿ ಆಯಿಲ್ ತಡೆಯುವುದು ಓ-ರಿಂಗ್ ಅನ್ನುವ ರಬ್ಬರ್ ಉಂಗುರ, ಅದು ಗಟ್ಟಿಯಾಗಿದ್ದರೆ ಅಥವಾ ಸೀಳಿದ್ದರೆ ಎಷ್ಟು ಬಿಗಿ ಮಾಡಿದರೂ ಉಪಯೋಗ ಇಲ್ಲ.

ಫಿಲ್ಟರ್

ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ರಭಸವಾಗಿ ಸುರಿದರೆ ನನ್ನ ಮೊದಲ ಅನುಮಾನ ಫಿಲ್ಟರ್ ಮೇಲೆ. ಡ್ರೇನ್ ಬೋಲ್ಟ್ ಹಿಂದೆ ಇರುವ ಆಯಿಲ್ ಸುಮ್ಮನೆ ನಿಂತಿರುತ್ತದೆ, ಆದರೆ ಫಿಲ್ಟರ್ ಜಾಗದಲ್ಲಿ ಪಂಪಿನ ಒತ್ತಡ ಇರುತ್ತದೆ. ಎಂಜಿನ್ ಆಫ್ ಇದ್ದಾಗ ಒಣಗಿದ್ದು, ಆನ್ ಆದಾಗ ಮಾತ್ರ ಸೋರಿದರೆ ಒತ್ತಡ ಇರುವ ಜಾಗವೇ ಕಾರಣ. ರಾತ್ರಿಯೆಲ್ಲ ನಿಂತಲ್ಲೇ ಸೋರಿದರೆ ಕೆಳಗಿನ ಜಾಗ ಕಾರಣ.

ಡಬ್ಬಿ ಥರ ತಿರುಗಿಸಿ ಕೂರಿಸುವ ಫಿಲ್ಟರ್ ಆದರೆ, ಬಿಚ್ಚಿ ಎಂಜಿನ್ ಮುಖವನ್ನು ಬೆರಳಿನಿಂದ ಸವರಿ ನೋಡಿ. ಹಳೇ ಫಿಲ್ಟರ್‌ನ ರಬ್ಬರ್ ಉಂಗುರ ಅಲ್ಲೇ ಅಂಟಿಕೊಂಡು ಉಳಿದಿರುತ್ತದೆ. ಆಯಿಲ್ ಬಳಿದ ಕಪ್ಪು ರಬ್ಬರ್ ಕಪ್ಪು ಕೊಳೆಯ ಮಧ್ಯೆ ಕಣ್ಣಿಗೆ ಕಾಣುವುದೇ ಇಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಅದರ ಮೇಲೆ ಹೊಸ ಫಿಲ್ಟರ್‌ನ ಉಂಗುರ ಕೂತರೆ, ಎರಡೂ ಒಂದರ ಮೇಲೊಂದು ಜಾರಿ, ಒತ್ತಡ ಬಂದ ಕೂಡಲೇ ಒಂದು ಕಡೆಯಿಂದ ಹೊರಕ್ಕೆ ಚಿಮ್ಮುತ್ತದೆ. ಹಳೆಯದನ್ನು ತೆಗೆದು, ಮುಖ ಒರೆಸಿ, ಹೊಸ ಉಂಗುರಕ್ಕೆ ಬೆರಳಲ್ಲಿ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ. ಉಂಗುರ ಮುಖಕ್ಕೆ ತಾಗಿದ ಮೇಲೆ ಎಷ್ಟು ತಿರುಗಿಸಬೇಕು ಅಂತ ಫಿಲ್ಟರ್ ಮೇಲೋ ಡಬ್ಬದ ಮೇಲೋ ಬರೆದಿರುತ್ತದೆ, ಸಾಮಾನ್ಯವಾಗಿ ಮುಕ್ಕಾಲು ಸುತ್ತಿನ ಆಸುಪಾಸು. ಬಿಚ್ಚಲು ಬಳಸಿದ ರೆಂಚ್ ಬಿಗಿ ಮಾಡಲು ಬೇಡ.

ಕಾಗದದ ಫಿಲ್ಟರ್ ಒಳಗಿಟ್ಟು ಮೇಲೆ ಕವರ್ ಮುಚ್ಚುವ ಎಂಜಿನ್‌ಗಳಲ್ಲಿ ಕಥೆ ಬೇರೆ. ಅಲ್ಲಿ ಕವರ್‌ನ ಓ-ರಿಂಗ್ ತನ್ನ ತೋಡಿನಿಂದ ಎದ್ದು, ಕವರ್ ಮುಚ್ಚುವಾಗ ಅಂಚಿನಲ್ಲಿ ಸಿಕ್ಕಿ ಕತ್ತರಿಸಿಹೋಗಿರುತ್ತದೆ. ಬಿಚ್ಚಿ ನೋಡಿದರೆ ಒಂದು ಕಡೆ ಚಪ್ಪಟೆಯಾಗಿ ಹಲ್ಲಿನಲ್ಲಿ ಕಚ್ಚಿದ ಹಾಗೆ ಗುರುತು ಇರುತ್ತದೆ. ಹೊಸ ಓ-ರಿಂಗಿಗೆ ಸ್ವಲ್ಪ ಗ್ರೀಸ್ ಹಚ್ಚಿದರೆ ಜಾಗದಲ್ಲೇ ಅಂಟಿಕೊಂಡು ಕೂರುತ್ತದೆ. ಕವರ್‌ನ ಸಣ್ಣ ಬೋಲ್ಟ್‌ಗಳನ್ನು ಒಂದನ್ನೇ ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋಗಬೇಡಿ. ಎಲ್ಲವನ್ನೂ ಕೈಯಿಂದ ಕೂರಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಈ 6 ಎಂಎಂ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 10ರಿಂದ 12 ನ್ಯೂಟನ್ ಮೀಟರ್ ಸಾಕು, ತಲೆ ತುಂಡಾಗಿ ಕೈಗೆ ಬರುವುದು ಇವೇ.

ಕವರ್ ಬಿಚ್ಚಿದಾಗ ಫಿಲ್ಟರ್ ಯಾವ ಕಡೆ ಮುಖ ಮಾಡಿದೆ ಅಂತಲೂ ನೋಡಿ. ಎಷ್ಟೋ ಫಿಲ್ಟರ್‌ಗಳ ಮೇಲೆ ಹೊರಗಡೆ ಬರಬೇಕಾದ ಬದಿಯನ್ನು ಅಚ್ಚೊತ್ತಿರುತ್ತಾರೆ. ಉಲ್ಟಾ ಹಾಕಿದರೆ ಸೋರುವುದಿಲ್ಲ, ಆದರೆ ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಸೋರಿಕೆಗಿಂತ ಅದು ನೂರು ಪಾಲು ಕೆಟ್ಟದ್ದು, ಹೊರಗೆ ಗುರುತೇ ಕಾಣಿಸದೆ ಒಳಗೆ ಎಂಜಿನ್ ಸಾಯುತ್ತದೆ. ಸ್ಪ್ರಿಂಗ್, ಅದರ ವಾಷರ್ ಎಲ್ಲ ಮೊದಲಿದ್ದ ಕ್ರಮದಲ್ಲೇ ಇವೆಯಾ ಅಂತ ಮ್ಯಾನುಯಲ್ ಚಿತ್ರದ ಜೊತೆ ಹೋಲಿಸಿ.

ಜಾಸ್ತಿ ತುಂಬಿಸಿದ್ದೀರಾ?

ಎಲ್ಲಿಯೂ ಬಿರುಕಿಲ್ಲ, ವಾಷರ್ ಸರಿ, ಫಿಲ್ಟರ್ ಸರಿ, ಆದರೂ ಏರ್ ಫಿಲ್ಟರ್ ಡಬ್ಬದ ಕೆಳಗಿನ ಪೈಪಿನಿಂದ ಆಯಿಲ್ ಬರುತ್ತಿದೆ. ಅಂದರೆ ಆಯಿಲ್ ಜಾಸ್ತಿ ಆಗಿದೆ. ಎಂಜಿನ್ ಒಳಗಿನ ಗಾಳಿ ಹೊರಹೋಗಲು ಬ್ರೀದರ್ ಪೈಪ್ ಇರುತ್ತದೆ, ಮಟ್ಟ ಜಾಸ್ತಿಯಾದರೆ ಗಾಳಿಯ ಜೊತೆ ಆಯಿಲೂ ಅದರಲ್ಲಿ ಹೊರಟು ಏರ್ ಫಿಲ್ಟರ್‌ಗೆ ಸೇರುತ್ತದೆ. ಆಯಿಲ್ ನೊರೆಯೇಳುವುದೂ, ಒಳಗಿನ ಒತ್ತಡಕ್ಕೆ ಹಳೇ ಸೀಲ್‌ಗಳು ಒಸರುವುದೂ ಇದರ ಜೊತೆಗೇ ಬರಬಹುದು.

ಜಾಸ್ತಿ ಆಗುವುದಕ್ಕೆ ಮುಖ್ಯ ಕಾರಣ ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಮಟ್ಟ ನೋಡುವುದು. ಬೈಕ್ ನೆಟ್ಟಗೆ ನಿಂತಿರಬೇಕು, ನೆಲ ಸಮತಟ್ಟಾಗಿರಬೇಕು. ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಆಯಿಲ್ ಕೆಳಗಿಳಿಯಲು ಒಂದೆರಡು ನಿಮಿಷ ಬಿಟ್ಟು ನೋಡಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇರುವ ಎಷ್ಟೋ ಬೈಕ್‌ಗಳಲ್ಲಿ ಅದನ್ನು ತಿರುಗಿಸದೆ, ಸುಮ್ನೆ ಒಳಗಿಳಿಸಿ ತೆಗೆದು ನೋಡಬೇಕು. ಎಲ್ಲದಕ್ಕೂ ಹಾಗೇ ಅಂತ ಅಂದುಕೊಳ್ಳಬೇಡಿ, ನಿಮ್ಮ ಬೈಕಿಗೆ ಯಾವ ಕ್ರಮ ಅಂತ ಮ್ಯಾನುಯಲ್‌ನಲ್ಲಿ ಇರುತ್ತದೆ. ಜಾಸ್ತಿ ಇದ್ದರೆ ಡ್ರೇನ್ ಬೋಲ್ಟ್ ಬಿಚ್ಚುವ ರಗಳೆ ಬೇಡ. ದೊಡ್ಡ ಸಿರಿಂಜ್‌ಗೆ ತೆಳು ಪೈಪ್ ಸಿಕ್ಕಿಸಿ, ಆಯಿಲ್ ಹಾಕುವ ತೂತಿನಿಂದಲೇ ಎಳೆದು ತೆಗೆಯಿರಿ. ಏರ್ ಫಿಲ್ಟರ್ ಆಯಿಲ್ ಕುಡಿದಿದ್ದರೆ ಅದನ್ನೂ ನೋಡಿಕೊಳ್ಳಿ, ಕಾಗದದ್ದಾದರೆ ಬದಲಿಸಲೇಬೇಕು.

ಆಯಿಲ್ ಹಾಕುವ ಮುಚ್ಚಳವನ್ನೂ ಒಮ್ಮೆ ಬಿಚ್ಚಿ ನೋಡಿ. ಅದರ ಓ-ರಿಂಗ್ ಬಿದ್ದುಹೋಗಿರುವುದು, ಮುಚ್ಚಳ ಅರ್ಧ ತಿರುಗಿಸಿ ಬಿಟ್ಟಿರುವುದು ಆಗುತ್ತಿರುತ್ತದೆ. ಕೈಬಿಗಿ ಸಾಕು.

ಕವರ್‌ಗಳು, ಗ್ಯಾಸ್ಕೆಟ್

ಕ್ಲಚ್ ಕವರ್ ಅಥವಾ ಟ್ಯಾಪೆಟ್ ಕವರ್ ಬಿಚ್ಚಿದ್ದರೆ ಕವರ್ ಮತ್ತು ಎಂಜಿನ್ ನಡುವಿನ ತೆಳು ಹಾಳೆ, ಅಂದರೆ ಗ್ಯಾಸ್ಕೆಟ್ ನೋಡಿ. ಹಳೇ ಕಾಗದದ ಗ್ಯಾಸ್ಕೆಟ್ ಹರಿದು ಅರ್ಧ ಇಲ್ಲಿ ಅರ್ಧ ಅಲ್ಲಿ ಅಂಟಿದ್ದು, ಅದರ ಮೇಲೇ ಮುಚ್ಚಿದ್ದರೆ ಸೋರದೆ ಇನ್ನೇನಾಗುತ್ತದೆ? ಹಳೆಯದನ್ನು ಪೂರ್ತಿ ಕೆರೆದು ತೆಗೆಯಿರಿ. ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್ ಚೂರಿನಿಂದ ಕೆರೆಯಿರಿ, ಅಲ್ಯೂಮಿನಿಯಂ ಮೇಲೆ ಒಂದು ಆಳದ ಗೀರು ಬಿದ್ದರೆ ಅದೇ ಹೊಸ ಕಾಲುವೆ. ಕವರ್‌ನ ಬೋಲ್ಟ್‌ಗಳು ಎಲ್ಲ ಒಂದೇ ಉದ್ದ ಇರುವುದಿಲ್ಲ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿದರೆ ಅದು ತಳಕ್ಕೆ ತಾಗಿ ನಿಲ್ಲುತ್ತದೆ, ಕೈಗೆ ಬಿಗಿಯಾಗಿದೆ ಅನ್ನಿಸುತ್ತದೆ, ಆದರೆ ಕವರ್ ಅನ್ನು ಒತ್ತಿರುವುದೇ ಇಲ್ಲ. ರಟ್ಟಿನ ಮೇಲೆ ಕವರ್ ಆಕಾರ ಬರೆದು, ಬಿಚ್ಚಿದ ಬೋಲ್ಟ್‌ಗಳನ್ನು ಆಯಾ ಜಾಗಕ್ಕೆ ಚುಚ್ಚಿಟ್ಟುಕೊಂಡರೆ ಈ ತಲೆನೋವಿಲ್ಲ.

ಸಿಲಿಕೋನ್ ಬಗ್ಗೆ ಒಂದು ಮಾತು. ಮ್ಯಾನುಯಲ್ ಹೇಳಿದ ಜಾಗ ಬಿಟ್ಟು ಬೇರೆಲ್ಲೂ ಹಾಕಬೇಡಿ, ಹೇಳಿದ ಕಡೆಯೂ ತೆಳು ಪದರ ಸಾಕು. ಹೊರಗೆ ಉಬ್ಬಿ ಬಂದದ್ದು ನಿಮಗೆ ಕಾಣುತ್ತದೆ, ಅಷ್ಟೇ ಒಳಗೂ ಉಬ್ಬಿರುತ್ತದೆ. ಒಳಗಿನದು ಕಿತ್ತುಬಂದು ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಆಯಿಲ್ ದಾರಿ ಕಟ್ಟಿಕೊಳ್ಳುತ್ತದೆ.

ನೀವು ಮುಟ್ಟದ ಜಾಗದಿಂದಲೇ ಬರುತ್ತಿದ್ದರೆ, ಉದಾಹರಣೆಗೆ ಮುಂದಿನ ಸ್ಪ್ರಾಕೆಟ್ ಹಿಂದಿನ ಸೀಲ್, ಗೇರ್ ದಂಡದ ಸೀಲ್, ಸಿಲಿಂಡರ್ ಬುಡ, ಅದು ಸರ್ವಿಸ್ ತಪ್ಪಲ್ಲ. ಮುಂಚೆಯೇ ಒಸರುತ್ತಿದ್ದದ್ದನ್ನು ಕೊಳೆ ಮುಚ್ಚಿಟ್ಟಿತ್ತು, ನೀವು ತೊಳೆದಿರಿ, ಕಂಡಿತು. ಮ್ಯಾನುಯಲ್ ಹೇಳಿದ್ದಕ್ಕಿಂತ ತೆಳು ಆಯಿಲ್ ಹಾಕಿದ್ದರೂ ಹಳೇ ಸೀಲ್ ಜಾಸ್ತಿ ಒಸರಬಹುದು.

ಸರಿಯಾದ ಮೇಲೆ

ಹಿಂದಿನ ಟೈರಿಗೆ ಆಯಿಲ್ ತಾಗಿದ್ದರೆ ಪಾತ್ರೆ ತೊಳೆಯುವ ಸೋಪು, ನೀರು, ಬ್ರಶ್ ಹಾಕಿ ಎರಡು ಮೂರು ಸಲ ಉಜ್ಜಿ. ಪೆಟ್ರೋಲ್‌ನಿಂದ ಒರೆಸಬೇಡಿ, ರಬ್ಬರ್‌ಗೆ ಒಳ್ಳೆಯದಲ್ಲ. ಡಿಸ್ಕ್‌ಗೆ ತಾಗಿದ್ದರೆ ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಆಯಿಲ್ ಕುಡಿದ ಬ್ರೇಕ್ ಪ್ಯಾಡ್ ಮಾತ್ರ ಬದಲಿಸಿ, ಸುಟ್ಟು, ಉಜ್ಜಿ ಉಳಿಸಿಕೊಳ್ಳುವ ಸಾಹಸ ಬ್ರೇಕ್ ವಿಷಯದಲ್ಲಿ ಬೇಡ.

ಕಮ್ಮಿಯಾದ ಆಯಿಲ್ ತುಂಬಿಸುವಾಗ ಮನೆಯಲ್ಲಿ ಉಳಿದಿದ್ದ ಕಾರಿನ ಆಯಿಲ್ ಸುರಿಯಬೇಡಿ. ಹೆಚ್ಚಿನ ಗೇರ್ ಬೈಕ್‌ಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನ ಕೆಲವು ಆಯಿಲ್‌ಗಳಲ್ಲಿರುವ ಜಾರಿಕೆಯ ಅಂಶಕ್ಕೆ ಕ್ಲಚ್ ಸ್ಲಿಪ್ ಆಗಬಹುದು. ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇರುವುದು ಇಂಥ ಬೈಕ್‌ಗಳಿಗಾಗಿ.

ನೆಲಕ್ಕೆ ಬಿದ್ದ ಆಯಿಲ್ ಮೇಲೆ ಮರದ ಹೊಟ್ಟೋ ಒಣ ಮರಳೋ ಹಾಕಿ, ಹೀರಿದ ಮೇಲೆ ಗುಡಿಸಿ. ಬಳಸಿದ ಆಯಿಲ್ ಚರ್ಮಕ್ಕೆ ಕೆಟ್ಟದ್ದು, ಗ್ಲೌಸ್ ಹಾಕಿ. ಚರಂಡಿಗೆ, ಮಣ್ಣಿಗೆ ಸುರಿಯಬೇಡಿ, ಮುಚ್ಚಳ ಇರುವ ಡಬ್ಬದಲ್ಲಿ ತುಂಬಿ ಹಳೇ ಆಯಿಲ್ ತಗೊಳ್ಳುವ ಗ್ಯಾರೇಜಿಗೆ ಕೊಡಿ.

ಆಮೇಲೆ ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಮಟ್ಟ ನೋಡಿ, ಡ್ರೇನ್ ಬೋಲ್ಟ್ ಸುತ್ತ ಬಿಳಿ ಟಿಶ್ಯೂ ಒತ್ತಿ ನೋಡಿ. ಹತ್ತು ಕಿಲೋಮೀಟರ್ ಓಡಿಸಿ ಮತ್ತೆ ಒತ್ತಿ. ರಾತ್ರಿ ಕೆಳಗೆ ಒಂದು ರಟ್ಟು ಹಾಸಿಡಿ, ಬೆಳಿಗ್ಗೆ ಒಣಗಿದ್ದರೆ ಆಯ್ತು. ಒಣಗಿಲ್ಲ, ಇಷ್ಟೆಲ್ಲ ನೋಡಿದರೂ ಮೂಲ ಸಿಕ್ಕಿಲ್ಲ ಅಂದರೆ ಮೆಕ್ಯಾನಿಕ್ ಹತ್ತಿರ ತಗೊಂಡು ಹೋಗಿ. ಹೋಗುವಾಗ ಪೌಡರ್ ಮೇಲಿನ ಗೆರೆಯ ಫೋಟೋ ತೋರಿಸಿ, ಯಾವ ಯಾವ ಬೋಲ್ಟ್ ಬಿಚ್ಚಿದ್ದೀರಿ, ಯಾವ ಆಯಿಲ್ ಎಷ್ಟು ಹಾಕಿದ್ದೀರಿ ಅಂತ ಮುಚ್ಚುಮರೆ ಇಲ್ಲದೆ ಹೇಳಿ, ಅವರ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.